ಹೈಸ್ಕೂಲಿನ ಕಾಲ್ಚೆಂಡಾಟಗಾರ ಕಾಲೇಜಿಗೆ ಸಲ್ಲುವನೇ?

ಎಸ್.ಎಸ್.ಸಿ. ಪರೀಕ್ಷೆಯ ಫಲಿತಾಂಶ ಹೊರಬೀಳುವ ದಿನಗಳಲ್ಲಿ ನಮ್ಮ ಬಾಂಧವರ ಮನೆಗಳಲ್ಲಿ ನಡೆಯುವ ಚರ್ಚೆ ಸಾಮಾನ್ಯವಾಗಿ ಒಂದೇ ಬಗೆಯದು. ವಿಜ್ಞಾನವೋ ವಾಣಿಜ್ಯವೋ, ಮಾಟುಂಗದ ಕಡೆಯ ಹೆಸರಾಂತ ಕಾಲೇಜೋ ಮನೆಯ ಬಳಿಯದೋ, ಎಂಬಲ್ಲಿಗೆ ಮಾತು ಮುಗಿಯುತ್ತದೆ. ಆದರೆ ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಕೆಲವು ಮನೆಗಳಲ್ಲಿ ಈಚೆಗೆ ಇನ್ನೊಂದು ಪ್ರಶ್ನೆಯೂ ಊಟದ ಹೊತ್ತಿಗೆ ತಲೆಯೆತ್ತುತ್ತಿರುವುದನ್ನು ನಾವು ಕಂಡಿದ್ದೇವೆ. ಹುಡುಗ ಕಾಲ್ಚೆಂಡು ಆಡುತ್ತಾನೆ. ಶಾಲೆಯ ತಂಡದಲ್ಲಿ ಗೋಲು ಹೊಡೆಯುವವನು ಅವನೇ. ಕ್ರೀಡಾ ಕೋಟಾದಲ್ಲಿ ಸೀಟು ಕೊಡುವೆವೆಂದು ಮುಂಬಯಿಯ ಕಾಲೇಜೊಂದು ಮುಂದೆ ಬಂದಿದೆ. ಕಳುಹಿಸುವುದೇ, ಬಿಡುವುದೇ?

ಹಿಂದಿನ ಮಳೆಗಾಲದಲ್ಲಿ ಈ ಪ್ರಶ್ನೆ ನಮ್ಮ ಬಾಗಿಲಿಗೂ ಬಂದಿತು. ಡೊಂಬಿವಲಿಯ ಕೈಗಾರಿಕಾ ವಸಾಹತಿನ ಪಕ್ಕದಲ್ಲಿ ಕ್ಯಾಂಟೀನು ನಡೆಸುವ, ಕುಂದಾಪುರದ ಕಡೆಯ ಗೃಹಸ್ಥರೊಬ್ಬರು ನಮಗೆ ಹಳೆಯ ಪರಿಚಿತರು. ಹದಿನಾಲ್ಕನೆಯ ವಯಸ್ಸಿಗೆ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಕೋಟೆ ಪ್ರದೇಶದ ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು. ಸಂಜೆಯೆಂಬುದೇ ಇಲ್ಲದ ಬಾಲ್ಯ ಅವರದು. ಇತರ ಹುಡುಗರು ಮೈದಾನದಲ್ಲಿದ್ದ ಹೊತ್ತಿಗೆ ಅವರು ಗ್ಲಾಸು ತೊಳೆಯುತ್ತಿದ್ದರು. ಗ್ಲಾಸು ಮುಗಿದರೆ ಪುಸ್ತಕ. ಅಂತಹವರ ಮಗ ಈಗ ಹತ್ತನೆಯ ಇಯತ್ತೆಯಲ್ಲಿದ್ದು, ದಿನಕ್ಕೆರಡು ಬಾರಿ ಬೂಟು ಕಟ್ಟುತ್ತಾನೆ.

“ಸ್ವಲ್ಪ ಬಂದು ನೋಡಿ ಹೇಳಿ ಮಾರಾಯ್ರೆ,” ಎಂದರು ಅವರು. “ಚೆಂಡಾಟ ನನಗೆ ತಿಳಿಯುವುದಿಲ್ಲ. ಮಗ ಗೋಲು ಹೊಡೆದರೆ ಎಲ್ಲರೂ ಬೆನ್ನು ತಟ್ಟುತ್ತಾರೆ, ಹೊಡೆಯದಿದ್ದರೆ ಮಳೆ ಜಾಸ್ತಿಯಾಯಿತು ಎನ್ನುತ್ತಾರೆ. ಇವನು ನಿಜವಾಗಿ ಎಷ್ಟರವನು? ಅದೊಂದು ಗೊತ್ತಾಗಬೇಕು.”

ನಾವು ತರಬೇತುದಾರರಲ್ಲ. ಕೂಪರೇಜ್ ಮೈದಾನದ ಮೆಟ್ಟಿಲುಗಳ ಮೇಲೆ ಕುಳಿತು ಬಹುಕಾಲ ಆಟ ನೋಡಿದವರು. ಕಾಲೇಜು ತಂಡವೊಂದರ ಆಯ್ಕೆಯಲ್ಲಿ ಕೆಲವು ವರ್ಷ ಕೈಯಿಟ್ಟು, ಮಾಡಬಾರದ ತಪ್ಪುಗಳನ್ನು ಮಾಡಿದವರು. ಆದುದರಿಂದಲೇ ಅವರಿಗೆ ಒಂದು ಷರತ್ತು ಹಾಕಿದೆವು: ಮೂರು ಪಂದ್ಯ ನೋಡದೆ ಬಾಯಿ ಬಿಡುವುದಿಲ್ಲ. ಒಂದು ಮಳೆಯಲ್ಲಿ, ಒಂದು ಒಣ ನೆಲದಲ್ಲಿ, ಒಂದು ಅವನಿಗೆ ಪರಿಚಯವಿಲ್ಲದ ಹುಡುಗರ ನಡುವೆ. ಅವರು ಒಪ್ಪಿದರು. ಮಗನಿಗೆ ಹೇಳಬಾರದೆಂದೂ ಕೇಳಿಕೊಂಡೆವು; ಅದನ್ನು ಅವರು ಪಾಲಿಸಲಿಲ್ಲವೆಂಬುದು ಮೊದಲ ದಿನವೇ ಹುಡುಗನ ನಮಸ್ಕಾರದಿಂದ ತಿಳಿಯಿತು.

ಕಾಲೇಜುಗಳು ಆಟಗಾರನನ್ನು ಹೇಗೆ ಆರಿಸಿಕೊಳ್ಳುತ್ತವೆ ಎಂಬುದನ್ನು ಮೊದಲು ಹೇಳುವುದು ಲೇಸು. ಅಮೆರಿಕೆಯಲ್ಲಿ ವಿಶ್ವವಿದ್ಯಾಲಯಗಳ ಸಂಬಳದ ತರಬೇತುದಾರರು ಊರೂರು ತಿರುಗಿ ಹೈಸ್ಕೂಲು ಪಂದ್ಯಗಳನ್ನು ನೋಡುತ್ತಾರೆ. ಅಲ್ಲಿ ಫುಟ್‌ಬಾಲ್ ಎಂದರೆ ಕೈಯಲ್ಲಿ ಚೆಂಡು ಹಿಡಿದು ಓಡುವ ಬೇರೆಯೇ ಆಟ. ಆದರೂ ರೀತಿ ಗಮನಾರ್ಹವಾದುದು. ಹುಡುಗನ ಆಟದ ಚಲಚ್ಚಿತ್ರ ತರಿಸಿಕೊಳ್ಳುತ್ತಾರೆ, ಅವನಿಗೆ ಎಷ್ಟು ನಕ್ಷತ್ರದ ಯೋಗ್ಯತೆಯೆಂದು ಪತ್ರಿಕೆಗಳು ಅಳೆಯುತ್ತವೆ, ಮೆಚ್ಚಿದರೆ ಶುಲ್ಕ, ವಸತಿ, ಊಟಗಳೆಲ್ಲ ವಿದ್ಯಾರ್ಥಿವೇತನದಲ್ಲಿ ಸೇರುತ್ತವೆ. ನಮ್ಮಲ್ಲಿ ನೋಡುವವರಿಗಿಂತ ಕೇಳುವವರು ಹೆಚ್ಚು, ಮತ್ತು ಕೇಳುವುದು ಒಂದೇ ವಸ್ತುವನ್ನು: ಪ್ರಮಾಣಪತ್ರ. ಜಿಲ್ಲಾ ಮಟ್ಟದ್ದೋ, ವಿಭಾಗ ಮಟ್ಟದ್ದೋ, ರಾಜ್ಯ ಮಟ್ಟದ್ದೋ? ಕಾಗದದ ಮಟ್ಟ ಏರಿದಂತೆ ಸೀಟಿನ ಭರವಸೆಯೂ ಏರುತ್ತದೆ.

ಪ್ರಮಾಣಪತ್ರ ಸುಳ್ಳೆಂದು ನಾವು ಹೇಳುತ್ತಿಲ್ಲ. ಆದರೆ ಅದು ಹೇಳುವುದು ತಂಡ ಎಲ್ಲಿಗೆ ಮುಟ್ಟಿತೆಂಬುದನ್ನು, ಹುಡುಗ ಏನು ಬಲ್ಲನೆಂಬುದನ್ನಲ್ಲ. ಹನ್ನೊಂದು ಮಂದಿಯ ಆಟದಲ್ಲಿ ಒಬ್ಬ ಒಳ್ಳೆಯ ಗೋಲಿಯಿದ್ದರೆ ಹತ್ತು ಸಾಧಾರಣ ಹುಡುಗರ ಕೈಗೂ ರಾಜ್ಯ ಮಟ್ಟದ ಕಾಗದ ಬಂದೀತು. ದುರ್ಬಲ ಶಾಲೆಯಲ್ಲಿರುವ ಉತ್ತಮ ಹುಡುಗ ಮೊದಲ ಸುತ್ತಿನಲ್ಲೇ ಸೋತು, ಏನೂ ಇಲ್ಲದೆ ಮನೆಗೆ ಮರಳುವುದೂ ಉಂಟು. 1960ರಲ್ಲಿ ಆರಂಭವಾದ ಸುಬ್ರೋತೊ ಕಪ್ ಪಂದ್ಯಾವಳಿ ದೇಶದ ಶಾಲಾ ಕಾಲ್ಚೆಂಡಿನ ಅತ್ಯಂತ ಹೆಸರಾಂತ ಸ್ಪರ್ಧೆ. ಅದರ ಜಿಲ್ಲಾ ಸುತ್ತುಗಳು ನಮ್ಮಲ್ಲಿ ನಡೆಯುವುದು ಮಳೆಗಾಲದಲ್ಲಿ, ಸೋತವನು ಹೊರಗೆ ಎಂಬ ನಿಯಮದಲ್ಲಿ. ಒಂದು ಕೆಟ್ಟ ಬೆಳಗ್ಗೆ ಸಾಕು, ವರ್ಷ ಮುಗಿಯಿತು.

ಇನ್ನೊಂದು ವಿಷಯ ಅನೇಕ ಪಾಲಕರಿಗೆ ತಿಳಿದಿರುವುದಿಲ್ಲ. ಈ ರಾಜ್ಯದಲ್ಲಿ ಹನ್ನೊಂದು, ಹನ್ನೆರಡನೆಯ ತರಗತಿಗಳು ಕಾಲೇಜಿನ ಕಟ್ಟಡದಲ್ಲಿ ನಡೆದರೂ ಆಟದ ಲೆಕ್ಕದಲ್ಲಿ ಶಾಲೆಯೇ. ಅಲ್ಲಿಯ ಹುಡುಗರು ಆಡುವುದು ಶಾಲಾ ಕ್ರೀಡಾಕೂಟದ 19 ವರ್ಷದೊಳಗಿನವರ ವಿಭಾಗದಲ್ಲಿ. ವಿಶ್ವವಿದ್ಯಾಲಯದ ಅಂಗಿ ತೊಡುವ ಯೋಗ ಬರುವುದು ಪದವಿಯ ಮೊದಲ ವರ್ಷದಿಂದ. ಅಲ್ಲಿ ಎದುರಾಳಿ ಇಪ್ಪತ್ತೆರಡು, ಇಪ್ಪತ್ತಮೂರರ ಗಂಡಾಳು. ಹೀಗಾಗಿ ಹತ್ತನೆಯ ಇಯತ್ತೆಯ ಹುಡುಗನನ್ನು ಕಾಲೇಜಿಗೆ ಆರಿಸುವವನು ಇವತ್ತಿನ ಹುಡುಗನನ್ನಲ್ಲ, ಮೂರು ವರ್ಷಗಳ ಮುಂದಿನ ಯುವಕನನ್ನು ಊಹಿಸಬೇಕಾಗುತ್ತದೆ. ಇಡೀ ಕಷ್ಟವಿರುವುದು ಇಲ್ಲಿಯೇ.

ಜುಲೈ ತಿಂಗಳ ಮೊದಲ ಪಂದ್ಯಕ್ಕೆ ಹೋದಾಗ ಡೊಂಬಿವಲಿ ಪೂರ್ವದ ಮೈದಾನ ಗದ್ದೆಯಂತಿತ್ತು. ನೇಜಿ ನೆಡುವುದೊಂದು ಬಾಕಿ. ನಮ್ಮ ಹುಡುಗ ಸೆಂಟರ್ ಫಾರ್ವರ್ಡ್. ಎತ್ತರದವನು, ಮೇಲ್ದುಟಿಯ ಮೇಲೆ ಆಗಲೇ ಕರಿಗೆರೆ. ಎದುರು ತಂಡದ ಬ್ಯಾಕುಗಳು ಅವನ ಹೆಗಲಿಗೆ ಬರುತ್ತಿದ್ದರು. ಚೆಂಡು ಕೆಸರಿನಲ್ಲಿ ನಿಂತುಬಿಡುತ್ತಿತ್ತು. ಯಾರು ಬಲವಾಗಿ ನುಗ್ಗುವರೋ ಅವರದೇ ಚೆಂಡು. ಅವನು ನುಗ್ಗಿದ, ಎರಡು ಗೋಲು ಹೊಡೆದ. ತಂದೆಯವರು ಕೊಡೆಯ ಕೆಳಗಿನಿಂದ ನಮ್ಮ ಮುಖವನ್ನೇ ನೋಡುತ್ತಿದ್ದರು. ನಾವು ಹುಡುಗ ಹುಟ್ಟಿದ ತಿಂಗಳು ಯಾವುದೆಂದು ಕೇಳಿದೆವು. ಜನವರಿ ಎಂದರು. ಗೋಲಿನ ವಿಷಯ ಬಿಟ್ಟು ಜಾತಕ ಕೇಳುತ್ತಾರಲ್ಲ ಎಂದು ಅವರಿಗೆ ಅನ್ನಿಸಿರಬೇಕು.

ಕೇಳಿದ್ದಕ್ಕೆ ಕಾರಣವಿದೆ. ವಯೋಮಿತಿಯ ಆಟಗಳಲ್ಲಿ ಸಾಮಾನ್ಯವಾಗಿ ಜನವರಿ 1ರ ಗೆರೆ ಎಳೆಯುತ್ತಾರೆ. ಜನವರಿಯಲ್ಲಿ ಹುಟ್ಟಿದವನೂ ಅದೇ ವರ್ಷದ ಡಿಸೆಂಬರಿನಲ್ಲಿ ಹುಟ್ಟಿದವನೂ ಒಂದೇ ಗುಂಪು. ಆದರೆ ನಡುವೆ ಹನ್ನೊಂದು ತಿಂಗಳ ಅಂತರ. ಬೆಳೆಯುವ ವಯಸ್ಸಿನಲ್ಲಿ ಅದು ಸಣ್ಣ ಅಂತರವಲ್ಲ. ಕೆನಡಾದ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್‌ಲಿ ಮತ್ತು ಸಂಗಡಿಗರು 1985ರಲ್ಲಿ ಅಲ್ಲಿಯ ಹಿಮ ಹಾಕಿ ಆಟಗಾರರ ಜನ್ಮದಿನಗಳನ್ನು ಎಣಿಸಿ, ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ತಂಡಗಳಲ್ಲಿ ತುಂಬಿರುವುದನ್ನು ತೋರಿಸಿದರು. ಬಳಿಕ ಯುರೋಪಿನ ಕಾಲ್ಚೆಂಡಿನಲ್ಲಿಯೂ ಅದೇ ಕಂಡುಬಂದಿತು. ದೊಡ್ಡವನೆಂದು ಆರಿಸುತ್ತಾರೆ, ಆರಿಸಿದ್ದರಿಂದ ಹೆಚ್ಚು ತರಬೇತಿ ಸಿಗುತ್ತದೆ, ತರಬೇತಿಯಿಂದ ನಿಜಕ್ಕೂ ಉತ್ತಮನಾಗುತ್ತಾನೆ; ಡಿಸೆಂಬರಿನ ಹುಡುಗ ಅಷ್ಟರಲ್ಲಿ ಆಟ ಬಿಟ್ಟಿರುತ್ತಾನೆ.

ಹುಟ್ಟಿದ ತಿಂಗಳಿಗಿಂತಲೂ ದೊಡ್ಡದು ಪ್ರಾಯ ಬರುವ ಕಾಲ. ಹುಡುಗರು ಅತಿ ವೇಗವಾಗಿ ಬೆಳೆಯುವುದು ಸಾಧಾರಣವಾಗಿ ಹದಿಮೂರು, ಹದಿನಾಲ್ಕರ ಸುಮಾರಿಗೆ. ಆದರೆ ಒಬ್ಬನಿಗೆ ಹನ್ನೆರಡಕ್ಕೇ, ಇನ್ನೊಬ್ಬನಿಗೆ ಹದಿನಾರಕ್ಕೆ. ಬೇಗ ಬೆಳೆದವನು ಹತ್ತನೆಯ ಇಯತ್ತೆಯಲ್ಲಿ ಗೂಳಿಯಂತೆ ಕಾಣುತ್ತಾನೆ. ಇಪ್ಪತ್ತಕ್ಕೆ ಎಲ್ಲರೂ ಅವನ ಎತ್ತರಕ್ಕೆ ಬಂದಾಗ ಅವನ ಕೈಯಲ್ಲಿ ಉಳಿದ ಆಯುಧವೇನು? ಇದನ್ನು ಅಳೆಯಲು ವಿದೇಶೀಯರು ಹುಡುಗನ ಎತ್ತರ, ತೂಕ ಮತ್ತು ತಂದೆತಾಯಿಗಳ ಎತ್ತರವನ್ನು ಸೇರಿಸಿ ಕೊನೆಗೆ ಎಷ್ಟು ಬೆಳೆಯುವನೆಂದು ಗಣಿಸುತ್ತಾರೆ. ಇಂಗ್ಲೆಂಡಿನ ಕ್ಲಬ್ಬುಗಳು ವಯಸ್ಸಿನ ಬದಲು ದೇಹದ ಬೆಳವಣಿಗೆಯ ಪ್ರಕಾರ ಹುಡುಗರನ್ನು ವಿಂಗಡಿಸಿ ಆಡಿಸಿಯೂ ನೋಡಿವೆ. ನಮಗೆ ಅಷ್ಟು ಶಾಸ್ತ್ರ ಬೇಡ. ತಂದೆಯ ಪಕ್ಕದಲ್ಲಿ ಮಗನನ್ನು ನಿಲ್ಲಿಸಿ, ಕಳೆದ ವರ್ಷದ ಷರಾಯಿ ಈ ವರ್ಷ ಗಿಡ್ಡವಾಯಿತೇ ಎಂದು ತಾಯಿಯನ್ನು ಕೇಳಿದರೆ ಅರ್ಧ ಉತ್ತರ ದೊರೆಯುತ್ತದೆ. ಈ ಹುಡುಗ ಆಗಲೇ ತಂದೆಗಿಂತ ಎರಡು ಬೆರಳು ಎತ್ತರ. ಷರಾಯಿ ಗಿಡ್ಡವಾಗಿ ಒಂದು ವರ್ಷ ಕಳೆದಿತ್ತು. ಅವನ ಬೆಳವಣಿಗೆ ಬಹುಮಟ್ಟಿಗೆ ಮುಗಿದಿತ್ತು.

ಹದಿನಾರನೆಯ ವಯಸ್ಸಿನಲ್ಲಿ ಸಣ್ಣ ಆಳೆಂದು ಷೆಫೀಲ್ಡ್ ವೆನ್ಸ್‌ಡೇ ಕ್ಲಬ್ಬಿನಿಂದ ಹೊರಬಿದ್ದ ಜೇಮಿ ವಾರ್ಡಿ 2016ರಲ್ಲಿ ಲೆಸ್ಟರ್ ತಂಡದೊಂದಿಗೆ ಇಂಗ್ಲೆಂಡಿನ ಲೀಗ್ ಗೆದ್ದ ಕಥೆ ಎಲ್ಲರಿಗೂ ಗೊತ್ತು. 2017ರಲ್ಲಿ ನಮ್ಮ ದೇಶದಲ್ಲಿ ನಡೆದ 17 ವರ್ಷದೊಳಗಿನವರ ವಿಶ್ವಕಪ್ಪಿನಲ್ಲಿ ಶ್ರೇಷ್ಠ ಆಟಗಾರನೆನಿಸಿದ ಫಿಲ್ ಫೋಡನ್ ಸಹ ತೆಳ್ಳಗಿನ, ಗಿಡ್ಡ ಹುಡುಗನೇ. ನಮ್ಮವರೇ ಬೇಕೆಂದರೆ, 2013ರಿಂದ ಬೆಂಗಳೂರಿನ ತಂಡಕ್ಕೆ ಆಡಿ ಕನ್ನಡಿಗರ ಮನೆಮಾತಾದ ಸುನಿಲ್ ಛೆಟ್ರಿ ಇದ್ದಾರೆ. ಒಳ್ಳೆಯ ಕಾಲೇಜಿನಲ್ಲಿ ಸೀಟು ಸಿಗಲೆಂದೇ ತಾವು ಮೊದಲು ಕಾಲ್ಚೆಂಡನ್ನು ಹಿಡಿದದ್ದೆಂದು ಅವರೇ ಹೇಳಿಕೊಂಡಿದ್ದಾರೆ. 2002ರಲ್ಲಿ ಹದಿನೇಳರ ಹುಡುಗನಾಗಿ ಮೋಹನ್ ಬಗಾನ್ ಸೇರಿದ ಮೇಲೆ ಕಾಲೇಜು ಹಿಂದೆ ಬಿದ್ದಿತು, ದೇಶಕ್ಕೆ ತೊಂಬತ್ತಕ್ಕೂ ಮೀರಿ ಗೋಲುಗಳು ಬಂದವು. ಅವರು ಆಜಾನುಬಾಹುವೇನಲ್ಲ.

ವಯಸ್ಸಿನ ಮಾತು ಬಂದಾಗ ಕಹಿಯಾದರೂ ಒಂದನ್ನು ಹೇಳಬೇಕು. ಶಾಲಾ ಆಟಗಳಲ್ಲಿ ಹುಟ್ಟಿದ ತೇದಿಯನ್ನು ತಿದ್ದುವ ರೋಗ ಹಳೆಯದು. ಮಣಿಕಟ್ಟಿನ ಕ್ಷ-ಕಿರಣ ಚಿತ್ರದಿಂದ ಮೂಳೆಯ ವಯಸ್ಸನ್ನು ಅಳೆಯುವ ವಿಧಾನವನ್ನು ಅಖಿಲ ಭಾರತ ಫುಟ್‌ಬಾಲ್ ಸಂಸ್ಥೆಯು ಬಳಸುತ್ತಿದೆ; ಫಿಫಾ ಸಂಸ್ಥೆಯು 2009ರಿಂದ 17 ವರ್ಷದೊಳಗಿನವರ ವಿಶ್ವಕಪ್ಪಿನಲ್ಲಿ ಮಣಿಕಟ್ಟಿನ ಎಂ.ಆರ್.ಐ. ಪರೀಕ್ಷೆಯನ್ನು ತಂದಿತು. ಒಂದು ಸರ್ಟಿಫಿಕೇಟಿಗಾಗಿ ಮಗನ ವಯಸ್ಸನ್ನು ಬದಲಿಸುವ ತಂದೆ, ಮುಂದೆ ಆ ಕಾಗದ ಪರಿಶೀಲನೆಗೆ ಹೋದಾಗ ಮಗನ ನೌಕರಿಯನ್ನೇ ಕಳೆದಾನು.

ಎರಡನೆಯ ಪಂದ್ಯ ಡಿಸೆಂಬರಿನಲ್ಲಿ, ನೆರೂಲಿನಲ್ಲಿ. ಥಾಣೆಯಲ್ಲಿ ಗಾಡಿ ಬದಲಿಸಿ ಟ್ರಾನ್ಸ್ ಹಾರ್ಬರ್ ಮಾರ್ಗದಲ್ಲಿ ಹೋದೆವು. ಅದೇ ನೆರೂಲಿನ ಡಿ. ವೈ. ಪಾಟೀಲ್ ಕ್ರೀಡಾಂಗಣದಲ್ಲಿ 2017ರ ಅಕ್ಟೋಬರ್ 25ರಂದು ಸ್ಪೇನಿನ ಹುಡುಗರು ಮಾಲಿಯನ್ನು 3-1ರಿಂದ ಸೋಲಿಸಿ ವಿಶ್ವಕಪ್ಪಿನ ಫೈನಲಿಗೆ ಹೋದರು. 2022ರ ಅಕ್ಟೋಬರ್ 30ರಂದು ಅಲ್ಲಿಯೇ ಸ್ಪೇನಿನ ಹುಡುಗಿಯರು ಕೊಲಂಬಿಯಾವನ್ನು 1-0ಯಿಂದ ಮಣಿಸಿ ವಿಶ್ವಕಪ್ ಎತ್ತಿದರು. ನಮ್ಮ ಪಂದ್ಯ ಮಾತ್ರ ಅಲ್ಲಿಂದ ಸ್ವಲ್ಪ ದೂರದ ಗಟ್ಟಿ ಮಣ್ಣಿನ ಶಾಲಾ ಮೈದಾನದಲ್ಲಿ. ನೆಲ ಒಣಗಿ ಚೆಂಡು ಪುಟಿಯುತ್ತಿತ್ತು. ಎದುರಾಳಿಗಳು ಸಣ್ಣವರಾದರೂ ಚಿಕ್ಕಂದಿನಿಂದ ಕಲಿತ ಹುಡುಗರು. ನವಿ ಮುಂಬಯಿಯಲ್ಲಿ ರಿಲಯನ್ಸ್ ಪ್ರತಿಷ್ಠಾನದ ವಸತಿ ಅಕಾಡೆಮಿಯಂತಹ ಸಂಸ್ಥೆ ಬಂದ ಮೇಲೆ ಆ ಭಾಗದ ಮಕ್ಕಳು ಆಟವನ್ನು ನೋಡುವ ದೃಷ್ಟಿಯೇ ಬೇರೆಯಾಗಿದೆ. ಆದರೆ ಅಂತಹ ಅಕಾಡೆಮಿಗಳು ಹುಡುಗರನ್ನು ಆರಿಸುವುದು ಎಳವೆಯಲ್ಲಿಯೇ. ಹತ್ತನೆಯ ಇಯತ್ತೆಯವನಿಗೆ ಆ ಬಾಗಿಲು ದಾಟಿಹೋಗಿದೆ. ಅವನಿಗೆ ಉಳಿದಿರುವುದು ಕಾಲೇಜು ಇಲ್ಲವೆ ಸ್ಥಳೀಯ ಕ್ಲಬ್ಬು.

ಆ ದಿನ ನಾವು ಚೆಂಡನ್ನು ನೋಡಲಿಲ್ಲ, ಹುಡುಗನನ್ನೇ ನೋಡಿದೆವು. ಹೇಳುವಷ್ಟು ಸುಲಭವಲ್ಲ ಇದು. ಕಣ್ಣು ತಾನಾಗಿ ಚೆಂಡಿನ ಹಿಂದೆ ಓಡುತ್ತದೆ. ತೊಂಬತ್ತು ನಿಮಿಷಗಳ ಆಟದಲ್ಲಿ ಒಬ್ಬನ ಕಾಲಿನಲ್ಲಿ ಚೆಂಡಿರುವುದು ಎರಡೋ ಮೂರೋ ನಿಮಿಷ ಮಾತ್ರ. ಉಳಿದ ಹೊತ್ತು ಅವನು ಎಲ್ಲಿ ನಿಲ್ಲುತ್ತಾನೆ, ಯಾವ ಕಡೆ ನೋಡುತ್ತಾನೆ, ಯಾರನ್ನು ಕೂಗುತ್ತಾನೆ? ನಾರ್ವೆ ದೇಶದ ಗೇರ್ ಯೂರ್ಡೆಟ್ ಎಂಬ ವಿದ್ವಾಂಸರು ಇಂಗ್ಲೆಂಡಿನ ಲೀಗಿನ ಆಟಗಾರರ ತಲೆಯ ಚಲನೆಯನ್ನು ಎಣಿಸಿ, ಚೆಂಡು ತಮ್ಮ ಬಳಿ ಬರುವ ಮೊದಲೇ ಹೆಚ್ಚು ಬಾರಿ ಭುಜದ ಹಿಂದೆ ನೋಡುವವರ ಪಾಸುಗಳು ಹೆಚ್ಚು ಸಫಲವಾಗುವುದನ್ನು ಕಂಡುಕೊಂಡರು. ಕೇರಂ ಆಡುವವರಿಗೂ ಇದು ಗೊತ್ತಿರುವ ಮಾತೇ: ಈ ಹೊಡೆತಕ್ಕಿಂತ ಮುಂದಿನ ಹೊಡೆತದ ಲೆಕ್ಕ ಮುಖ್ಯ.

ನಮ್ಮ ಹುಡುಗ ಅರ್ಧ ಗಂಟೆಯಲ್ಲಿ ಭುಜದ ಹಿಂದೆ ನೋಡಿದ್ದು ಎರಡು ಬಾರಿ. ಬೆನ್ನಿಗೆ ಬ್ಯಾಕು ಅಂಟಿಕೊಂಡಿದ್ದರೂ ಗೋಲಿಗೆ ಬೆನ್ನು ಹಾಕಿಯೇ ಚೆಂಡು ಕೇಳುತ್ತಿದ್ದ. ಮೊದಲ ಸ್ಪರ್ಶದಲ್ಲಿ ಚೆಂಡು ಒಂದು ಗಜ ದೂರ ಹೋಗುತ್ತಿತ್ತು. ಮಳೆಯಲ್ಲಿ ಆ ಒಂದು ಗಜವನ್ನು ಕೆಸರು ಮುಚ್ಚಿಟ್ಟಿತ್ತು, ಒಣ ನೆಲ ಬಯಲಿಗೆ ತಂದಿತು. ಎಡಗಾಲು ನಿಲ್ಲುವುದಕ್ಕೆ ಮಾತ್ರ. ಗೋಲು ಬರಲಿಲ್ಲ. ನೋಡಲು ಬಂದಿದ್ದ ಕಾಲೇಜಿನ ಕ್ರೀಡಾ ವಿಭಾಗದವರೊಬ್ಬರು ಮಧ್ಯಂತರದಲ್ಲಿ ಚಹಾ ಕುಡಿದು, ಪ್ರಮಾಣಪತ್ರದ ನಕಲು ಕಳುಹಿಸಿರೆಂದು ಹೇಳಿ ಹೊರಟುಹೋದರು. ದ್ವಿತೀಯಾರ್ಧವನ್ನು ಅವರು ನೋಡಲಿಲ್ಲ.

ನೋಡಬೇಕಾಗಿದ್ದುದು ದ್ವಿತೀಯಾರ್ಧವನ್ನೇ. ಚೆಂಡು ಕಳೆದುಕೊಂಡ ಮೇಲಿನ ಐದು ಸೆಕೆಂಡುಗಳಲ್ಲಿ ಹುಡುಗನ ಗುಣ ತಿಳಿಯುತ್ತದೆ. ಕೆಲವರು ಸೊಂಟದ ಮೇಲೆ ಕೈಯಿಟ್ಟು ಆಕಾಶ ನೋಡುತ್ತಾರೆ, ಕೆಲವರು ರೆಫರಿಯನ್ನು ನೋಡುತ್ತಾರೆ, ಕೆಲವರು ಪಾಸು ಕೊಟ್ಟವನನ್ನು ಬೈಯುತ್ತಾರೆ. ಇವನು ಪ್ರತಿಸಲವೂ ಹಿಂದಿರುಗಿ ಓಡಿದ. ಸೋಲುತ್ತಿರುವಾಗ, ಬಿಸಿಲು ಏರಿದಾಗ, ಯಾರೂ ಬೆನ್ನು ತಟ್ಟದಿರುವಾಗ ಓಡಿದ. ತಂಡದ ಸಣ್ಣ ಹುಡುಗನೊಬ್ಬ ಸುಲಭದ ಅವಕಾಶವನ್ನು ಹಾಳು ಮಾಡಿದಾಗ ಅವನ ತಲೆ ಸವರಿ ಮುಂದೆ ಹೋದ. ನಮ್ಮ ಟಿಪ್ಪಣಿ ಪುಸ್ತಕದಲ್ಲಿ ಗೋಲುಗಳ ಪಕ್ಕದಲ್ಲಿ ಹಾಕದಿದ್ದ ಗುರುತನ್ನು ಇಲ್ಲಿ ಹಾಕಿದೆವು.

ಹಾಲೆಂಡಿನ ಅಯಾಕ್ಸ್ ಕ್ಲಬ್ಬಿನವರು ಎಳೆಯರನ್ನು ಆರಿಸುವಾಗ ನಾಲ್ಕನ್ನು ನೋಡುತ್ತಿದ್ದರೆಂದು ಪ್ರಸಿದ್ಧಿ: ಕೌಶಲ, ಒಳನೋಟ, ವ್ಯಕ್ತಿತ್ವ, ವೇಗ. ಈ ಅನುಕ್ರಮದಲ್ಲಿ ವೇಗ ಕೊನೆಯದು. ನಮ್ಮ ಮೈದಾನಗಳಲ್ಲಿ ಅದು ಮೊದಲಿನದು, ಏಕೆಂದರೆ ಅಳೆಯಲು ಸುಲಭ, ಗಡಿಯಾರವೊಂದಿದ್ದರೆ ಸಾಕು. 30 ಮೀಟರ್ ಓಟವನ್ನೋ, ಡೆನ್ಮಾರ್ಕಿನ ಬಾಂಗ್ಸ್‌ಬೊ ರೂಪಿಸಿದ ಯೋ-ಯೋ ಪರೀಕ್ಷೆಯನ್ನೋ ಮಾಡಿಸುವುದು ಬೇಡವೆಂದು ನಾವು ಹೇಳುವುದಿಲ್ಲ. 20 ಮೀಟರ್ ಹೋಗಿ, 20 ಮೀಟರ್ ಬಂದು, 10 ಸೆಕೆಂಡು ಉಸಿರು ತೆಗೆದುಕೊಂಡು ಮತ್ತೆ ಇನ್ನೂ ವೇಗವಾಗಿ ಓಡುವ ಆ ಪರೀಕ್ಷೆಯಿಂದ ದಮ್ಮು ಎಷ್ಟೆಂದು ಚೆನ್ನಾಗಿ ತಿಳಿಯುತ್ತದೆ. ಆದರೆ ದಮ್ಮನ್ನು ಆರು ತಿಂಗಳಲ್ಲಿ ಬೆಳೆಸಬಹುದು. ಹತ್ತು ವರ್ಷ ಚೆಂಡಿನೊಂದಿಗೆ ಕಳೆಯದ ಪಾದವನ್ನು ಆರು ತಿಂಗಳಲ್ಲಿ ತಿದ್ದಲಾಗದು. ಹುಡುಗನಿಗೆ ಮಂಡಿಯ ಕೆಳಗೆ ನೋವಿದೆಯೇ ಎಂದೂ ಕೇಳಬೇಕು. ಬೆಳೆಯುವ ವಯಸ್ಸಿನಲ್ಲಿ ಅಲ್ಲಿಯ ಮೂಳೆಯ ಗಂಟು ಊದಿಕೊಳ್ಳುವುದು ಸಾಮಾನ್ಯ, ವಿಶ್ರಾಂತಿಯಿಂದ ವಾಸಿಯಾಗುತ್ತದೆ. ಅದನ್ನು ಸೋಮಾರಿತನವೆಂದು ಬೈದು ಓಡಿಸುವ ತರಬೇತುದಾರನ ಕೈಗೆ ಮಗನನ್ನು ಒಪ್ಪಿಸಬಾರದು.

ಆ ಸಂಜೆ ಕ್ಯಾಂಟೀನಿನಲ್ಲಿ ಹುಡುಗನ ಸೋದರಮಾವನವರು ಇದ್ದರು. “ಕಾಲ್ಚೆಂಡು ನಮ್ಮವರ ಆಟವೇ ಅಲ್ಲ. ಬಂಗಾಳದವರದು, ಗೋವೆಯವರದು. ಕಬಡ್ಡಿಯಾದರೂ ಆಡಿದ್ದರೆ ಆಗುತ್ತಿತ್ತು,” ಎಂದರು. ಈ ಮಾತನ್ನು ನಾವು ಮುಂಬಯಿಯಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಎಷ್ಟೋ ಸಲ ಸಿಟ್ಟಾಗಿದ್ದೇವೆ. ಇದೇ ಮುಂಬಯಿಯ ರೋವರ್ಸ್ ಕಪ್ಪನ್ನು ಬ್ರಿಟಿಷ್ ಸೈನ್ಯದ ತಂಡಗಳು ದಶಕಗಳ ಕಾಲ ತಮ್ಮಲ್ಲಿಯೇ ಇಟ್ಟುಕೊಂಡಿದ್ದಾಗ, 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಗೆದ್ದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನ ವಿರುದ್ಧ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಈಸ್ಟ್ ಬೆಂಗಾಲ್ ತಂಡದ ‘ಪಂಚಪಾಂಡವ’ರೆಂದು ಕಲ್ಕತ್ತೆ ಕೊಂಡಾಡಿದ ಐವರು ಮುನ್ನಾಟಗಾರರಲ್ಲಿ ಅಹಮದ್ ಖಾನ್, ಧನರಾಜ್ ಇಬ್ಬರೂ ಬೆಂಗಳೂರಿನಿಂದ ಹೋದವರು. ಇನ್ನು 2017ರ ಅಕ್ಟೋಬರ್ 9ರಂದು ದೆಹಲಿಯಲ್ಲಿ ಕೊಲಂಬಿಯಾದ ವಿರುದ್ಧ ಜೀಕ್ಸನ್ ಸಿಂಗ್ ತಲೆಯಿಂದ ಹೊಡೆದ ಗೋಲು ವಿಶ್ವಕಪ್ಪಿನಲ್ಲಿ ಭಾರತದ ಮೊದಲ ಗೋಲು. ಆ ಕಾರ್ನರನ್ನು ಎತ್ತಿಕೊಟ್ಟ ಸಂಜೀವ್ ಸ್ಟಾಲಿನ್ ಬೆಂಗಳೂರಿನ ಹುಡುಗ. ಅದೇ ತಂಡದಲ್ಲಿದ್ದ ಅನಿಕೇತ್ ಜಾಧವ್ ಕೊಲ್ಲಾಪುರದಿಂದ ಹೊರಟು ಪುಣೆಯ ಸರಕಾರಿ ಕ್ರೀಡಾ ಪ್ರಬೋಧಿನಿಯಲ್ಲಿ ಬೆಳೆದವನು. ಮಾವನವರು ಕೇಳಿಸಿಕೊಂಡರು, ಆದರೆ ಒಪ್ಪಿದಂತೆ ಕಾಣಲಿಲ್ಲ.

ಅವರ ಇನ್ನೊಂದು ಪ್ರಶ್ನೆಗೆ ಮಾತ್ರ ನಮ್ಮಲ್ಲಿ ಸಿದ್ಧ ಉತ್ತರವಿರಲಿಲ್ಲ: ಆಡಿ ಮುಂದೇನು? ಹಿಂದೆ ಮುಂಬಯಿಯಲ್ಲಿ ಕಾಲೇಜಿನ ಉತ್ತಮ ಆಟಗಾರನಿಗೆ ಬ್ಯಾಂಕು, ರೈಲ್ವೆ, ಗಿರಣಿ, ಕಾರ್ಖಾನೆಗಳ ತಂಡಗಳು ಕಾದಿರುತ್ತಿದ್ದವು, ಬೆಂಗಳೂರಿನಲ್ಲಿ ಐ.ಟಿ.ಐ., ಎಚ್.ಎ.ಎಲ್. ಇದ್ದಂತೆ. ಆಟಕ್ಕೆಂದು ನೌಕರಿಗೆ ಸೇರಿದವನು ಆಟ ಮುಗಿದ ಮೇಲೂ ನಿವೃತ್ತಿಯವರೆಗೆ ಕುರ್ಚಿಯಲ್ಲಿರುತ್ತಿದ್ದ. ಮಫತ್‌ಲಾಲ್ ತಂಡ ಹೋಯಿತು. ರಾಷ್ಟ್ರೀಯ ಲೀಗನ್ನೇ ಗೆದ್ದಿದ್ದ ಮಹೀಂದ್ರ ಯುನೈಟೆಡ್ 2010ರಲ್ಲಿ ಮುಚ್ಚಿತು. ಇಂದು ವೃತ್ತಿಪರ ಲೀಗಿನಲ್ಲಿ ಹಣವಿದೆಯಾದರೂ ಅಲ್ಲಿಗೆ ಸೇರುವವರು ಬೆರಳೆಣಿಕೆಯವರು. ರಾಜ್ಯ ಸರಕಾರದ ನೌಕರಿಗಳಲ್ಲಿ ಕ್ರೀಡಾಪಟುಗಳಿಗೆ ಶೇಕಡಾ 5ರ ಮೀಸಲಾತಿ ಇದೆ. ಅದಕ್ಕೆ ಬೇಕಾದ ಸಾಧನೆ ದೊಡ್ಡದು. ಆದಕಾರಣ ಕಾಲೇಜಿನ ಕಾಲ್ಚೆಂಡು ನೌಕರಿಯ ಮೆಟ್ಟಿಲೆಂದು ಭಾವಿಸಿ ಯಾರೂ ಮಗನನ್ನು ಕಳುಹಿಸಬಾರದು. ಓದಿನ ಜೊತೆಗೆ ಆಟ ಉಳಿಯುವುದೇ, ಆಟದ ಜೊತೆಗೆ ಓದು ಉಳಿಯುವುದೇ ಎಂದು ನೋಡಿ ಕಳುಹಿಸಬೇಕು.

ಅದಕ್ಕಾಗಿ ಹುಡುಗನನ್ನು ಪರೀಕ್ಷಿಸಿದಷ್ಟೇ ಕಟ್ಟುನಿಟ್ಟಾಗಿ ಕಾಲೇಜನ್ನೂ ಪರೀಕ್ಷಿಸತಕ್ಕದ್ದು. ತಂದೆಯವರಿಗೆ ನಾವು ಹೇಳಿಕೊಟ್ಟ ಪ್ರಶ್ನೆಗಳು ಬಹಳವೇನಲ್ಲ. ನಿಮಗೆ ಸ್ವಂತ ಮೈದಾನವಿದೆಯೇ? ಇಲ್ಲದಿದ್ದರೆ ಅಭ್ಯಾಸ ಎಲ್ಲಿ, ಎಷ್ಟು ಗಂಟೆಗೆ? ತರಬೇತುದಾರನಿಗೆ ಫುಟ್‌ಬಾಲ್ ಸಂಸ್ಥೆಯ ಪರವಾನಗಿ ಇದೆಯೇ, ಅಥವಾ ಎಲ್ಲ ಆಟಗಳಿಗೂ ಒಬ್ಬರೇ ಸೀಟಿಯೇ? ಈ ಸ್ಥಾನದಲ್ಲಿ ಆಡುವ ಹುಡುಗರು ನಿಮ್ಮಲ್ಲಿ ಈಗ ಎಷ್ಟು ಮಂದಿ ಇದ್ದಾರೆ? ಮುಂಬಯಿ ವಿಶ್ವವಿದ್ಯಾಲಯದಲ್ಲಿ ಶೇಕಡಾ 75ರ ಹಾಜರಿ ಬೇಕು; ಪಂದ್ಯದ ದಿನಗಳ ಹಾಜರಿಯ ಪತ್ರವನ್ನು ಯಾರು ಬರೆದುಕೊಡುತ್ತಾರೆ? ಮಂಡಿಯ ಕಟ್ಟು ಹರಿದರೆ ಮೈದಾನಕ್ಕೆ ಮರಳಲು ಒಂಬತ್ತು ತಿಂಗಳಾದರೂ ಬೇಕು. ಆ ಚಿಕಿತ್ಸೆಯ ವೆಚ್ಚ ಯಾರದು, ಸೀಟು ಉಳಿಯುವುದೇ? ಹೆಣ್ಣುಮಕ್ಕಳನ್ನು ಆಡಿಸುವ ಮನೆಗಳು ಈ ಕೊನೆಯ ಪ್ರಶ್ನೆಯನ್ನು ಎರಡು ಬಾರಿ ಕೇಳಲಿ, ಏಕೆಂದರೆ ಆ ಗಾಯ ಅವರಲ್ಲಿ ಹೆಚ್ಚು.

ಇವೆಲ್ಲಕ್ಕಿಂತ ದೊಡ್ಡದು ರೈಲು. ಡೊಂಬಿವಲಿ ಬೋರಿಬಂದರಿನಿಂದ ಸುಮಾರು 48 ಕಿಲೋಮೀಟರ್. ಆರು ಗಂಟೆಯ ಅಭ್ಯಾಸಕ್ಕೆ ದಕ್ಷಿಣ ಮುಂಬಯಿ ತಲುಪಬೇಕಾದರೆ ನಾಲ್ಕಕ್ಕೆ ಏಳಬೇಕು. ತರಗತಿ ಮುಗಿಸಿ ಮರಳುವಾಗ ಸಂಜೆಯ ಗಾಡಿ. ಆ ಗಾಡಿಯ ವರ್ಣನೆ ನಮ್ಮ ವಾಚಕರಿಗೆ ಬೇಕಿಲ್ಲ. ಹದಿನಾರರ ಹುಡುಗ ಎಂಟು, ಒಂಬತ್ತು ಗಂಟೆ ನಿದ್ದೆ ಮಾಡದಿದ್ದರೆ ಅವನ ಸ್ನಾಯುಗಳಿಗೆ ತರಬೇತಿಯಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು. ಎಷ್ಟೋ ಕಾಲ್ಚೆಂಡಾಟಗಾರರ ಆಟ ಮುಗಿದದ್ದು ಮೈದಾನದಲ್ಲಿ ಅಲ್ಲ, ಬಾಗಿಲಿಗೆ ಜೋತುಬಿದ್ದು ಮಾಡಿದ ಆ ಎರಡು ವರ್ಷಗಳ ಪ್ರಯಾಣದಲ್ಲಿ.

ಮೂರನೆಯ ಪಂದ್ಯವನ್ನು ನೋಡಿದ್ದು ಪರೀಕ್ಷೆ ಮುಗಿದ ಬಳಿಕ, ಏಪ್ರಿಲಿನಲ್ಲಿ, ಥಾಣೆಯಲ್ಲಿ. ಬೇರೆ ಬೇರೆ ಶಾಲೆಗಳ ಹುಡುಗರನ್ನು ಬೆರೆಸಿ ಮಾಡಿದ ತಂಡಗಳು. ಅರ್ಧ ಗಂಟೆಯಾದಾಗ ಅವನ ಕಡೆಯ ಬಲ ಬ್ಯಾಕಿನ ಕಣಕಾಲು ಉಳುಕಿತು. ಬದಲಿ ಹುಡುಗ ಇನ್ನೂ ಬಂದಿರಲಿಲ್ಲ, ಬಸ್ಸಿನಲ್ಲಿದ್ದನಂತೆ. ತರಬೇತುದಾರರು ಕಣ್ಣಿಗೆ ಬಿದ್ದ ಇವನನ್ನು ಹಿಂದಕ್ಕೆ ಕಳುಹಿಸಿದರು. ಹುಡುಗನ ಮೋರೆ ಸಪ್ಪೆಯಾಯಿತು.

ಆಮೇಲೆ ನಡೆದದ್ದನ್ನು ನೋಡಿ ನಾವು ಕುಳಿತಲ್ಲಿಂದ ಎದ್ದು ನಿಂತೆವು. ಇಡೀ ಮೈದಾನ ಈಗ ಅವನ ಕಣ್ಣ ಮುಂದೆ ಇತ್ತು. ಬೆನ್ನ ಹಿಂದೆ ನೋಡಬೇಕಾದ ಕಷ್ಟ ಕಡಿಮೆಯಾಯಿತು. ಎದುರಾಳಿಯ ಎಡ ವಿಂಗು ಎರಡು ಬಾರಿ ಅವನನ್ನು ದಾಟಲು ನೋಡಿ, ಮೂರನೆಯ ಬಾರಿ ಚೆಂಡನ್ನು ಹಿಂದಕ್ಕೆ ಕೊಟ್ಟ. ಇವನ ನೀಳ ಕಾಲು, ಹಿಂದಿರುಗಿ ಓಡುವ ಅಭ್ಯಾಸ, ಸಿಟ್ಟಾಗದ ಸ್ವಭಾವ ಎಲ್ಲವೂ ಒಂದೇ ಕಡೆಗೆ ಸೇರಿದವು. ಸೆಂಟರ್ ಹಾಫಿಗೆ “ಎಡಕ್ಕೆ, ಎಡಕ್ಕೆ” ಎಂದು ಕೂಗಿ ಹೇಳುತ್ತಿದ್ದ. ಮೂರು ಪಂದ್ಯಗಳಲ್ಲಿ ನಾವು ಅವನ ಧ್ವನಿ ಕೇಳಿದ್ದು ಅಂದೇ ಮೊದಲು. ಶಾಲೆಯಲ್ಲಿ ಎಲ್ಲರಿಗಿಂತ ದೊಡ್ಡವನೆಂದು ಮುಂದೆ ನಿಲ್ಲಿಸಿದ್ದರು. ಅವನು ಅಲ್ಲಿಯವನಾಗಿರಲೇ ಇಲ್ಲ.

ಆ ರಾತ್ರಿ ಕ್ಯಾಂಟೀನಿನ ಬಾಗಿಲು ಮುಚ್ಚಿದ ಮೇಲೆ ತಂದೆ, ತಾಯಿ, ಹುಡುಗ ಮೂವರನ್ನೂ ಕೂರಿಸಿ ನಮ್ಮ ಅಭಿಪ್ರಾಯ ಹೇಳಿದೆವು. ಮುನ್ನಾಟಗಾರನಾಗಿ ಕಾಲೇಜಿಗೆ ಹೋದರೆ ಒಂದು ವರ್ಷ ಪ್ರಮಾಣಪತ್ರದ ಮರ್ಯಾದೆ, ಬಳಿಕ ಬೆಂಚು. ಬಲ ಬ್ಯಾಕಾಗಿ ಕಲಿತರೆ ಪದವಿಯ ಎರಡನೆಯ ವರ್ಷಕ್ಕೆ ಕಾಲೇಜು ತಂಡದಲ್ಲಿ ನಿಲ್ಲಬಲ್ಲ. ವಿಶ್ವವಿದ್ಯಾಲಯದ ತಂಡದ ಶಿಬಿರದವರೆಗೂ ಹೋದಾನು, ಅದರಾಚೆಗೆ ಹೇಳಲಾರೆವು. ದೇಶಕ್ಕೆ ಆಡುವವನಲ್ಲ. ಮುಂಬಯಿಯ ದೊಡ್ಡ ಹೆಸರಿಗಿಂತ, ಮನೆಯಿಂದ ಅರ್ಧ ಗಂಟೆಯೊಳಗೆ ಮೈದಾನವುಳ್ಳ ಕಾಲೇಜು ಲೇಸು. ಅಲ್ಲಿ ಕ್ರೀಡಾ ಕೋಟಾ ಬೇಕಾಗದು, ಅವನ ಅಂಕಗಳೇ ಸಾಕು.

ಹೇಳಿ ಮುಗಿಸುವ ಮೊದಲೇ ಹುಡುಗ ಎದ್ದು ಒಳಗೆ ಹೋದ. ತಾಯಿ ಅವನ ಹಿಂದೆ ಹೋದರು. ತಂದೆಯವರು ಬಹಳ ಹೊತ್ತು ಮೇಜನ್ನು ಒರೆಸುತ್ತಿದ್ದರು. “ನೀವು ಹೇಳಿದ್ದು ಸರಿ ಇರಬಹುದು ಮಾರಾಯ್ರೆ. ಆದರೆ ದೇಶಕ್ಕೆ ಆಡುವವನಲ್ಲ ಎಂಬುದನ್ನು ಅವನ ಎದುರಿಗೆ ಹೇಳಬಾರದಿತ್ತು,” ಎಂದರು. ಅವರ ಮಾತು ಸರಿಯೇ ಇರಬೇಕು. ಹೇಳದೆ ಬಿಟ್ಟಿದ್ದ ಹುಡುಗರು ಇಪ್ಪತ್ತೆರಡರ ವಯಸ್ಸಿಗೆ ಬಂದು ನಮ್ಮನ್ನು ಕೇಳಿದ ಪ್ರಶ್ನೆಗಳೂ ನಮಗೆ ನೆನಪಿದ್ದವು.

ನಾಲ್ಕು ದಿನ ಅತ್ತಣಿಂದ ಏನೂ ಸುದ್ದಿ ಬರಲಿಲ್ಲ. ಐದನೆಯ ದಿನ ಬೆಳಿಗ್ಗೆ ದೂರವಾಣಿ ಮಾಡಿದವನು ಹುಡುಗನೇ. ಕುಶಲ ಪ್ರಶ್ನೆ ಏನೂ ಇಲ್ಲ.

“ಬಲ ಬ್ಯಾಕಿಗೆ ಎಡಗಾಲು ಎಷ್ಟು ಬರಬೇಕು, ಸರ್?”